ಹನ್ನೆರಡು ಪದಗಳು ಯಾರ ಬಳಿ?

ನನ್ನ ಚಿಕ್ಕಮ್ಮನ ಮಗಳು ಹೊಲಿಗೆಯಿಂದ ವ್ಯಾಪಾರಕ್ಕೆ ಬಂದವಳು. ನಮಾಜಿನ ಉಡುಪು, ಹಿಜಾಬು, ಮಕ್ಕಳ ಅಬಾಯ. ಫೋಟೊ ಹಾಕುತ್ತಾಳೆ, ಫೋನಿನಲ್ಲೇ ಆರ್ಡರ್ ಬರುತ್ತದೆ, ಮನೆಯಿಂದಲೇ ಪಾರ್ಸೆಲ್ ಹೋಗುತ್ತದೆ. ಹೊರದೇಶದ ಗಿರಾಕಿಯೊಬ್ಬಳು ಒಮ್ಮೆ ದೊಡ್ಡ ಆರ್ಡರ್ ಕೊಟ್ಟು, ಹಣವನ್ನು ಸ್ಟೇಬಲ್‌ಕಾಯಿನ್‌ನಲ್ಲಿ, ಅಂದರೆ ಡಾಲರಿನ ಬೆಲೆಗೆ ಗಂಟು ಹಾಕಿದ ಡಿಜಿಟಲ್ ನಾಣ್ಯದಲ್ಲಿ, ಕಳಿಸಲೇ ಎಂದು ಕೇಳಿದಳು. ಇವಳಿಗೆ ಅದೇನೆಂದು ಗೊತ್ತಿರಲಿಲ್ಲ. ಕಾಲೇಜಿಗೆ ಹೋಗುವ ತಮ್ಮನಿಗೆ ಗೊತ್ತಿತ್ತು. ಅವನು ಅಕ್ಕನ ಫೋನು ತೆಗೆದುಕೊಂಡು ಪಕ್ಕದಲ್ಲೇ ಕೂತು, ಆ ನಾಣ್ಯ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಹಾಕಿಕೊಟ್ಟ. ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಪದಗಳು ಮೂಡಿದವು. ಬರೆದಿಟ್ಟುಕೊಳ್ಳಿ, ಯಾರಿಗೂ ತೋರಿಸಬೇಡಿ ಎಂದು ಕೆಳಗೆ ಎಚ್ಚರಿಕೆ. ಅವಳು ಪೆನ್ನು ಹುಡುಕಲು ಎದ್ದಳು. 'ನಿಂಗ್ಯಾಕೆ ತಲೆನೋವು, ನಾನಿಟ್ಕೊಂಡಿರ್ತೀನಿ ಬಿಡು' ಎಂದು ಅವನು ತನ್ನ ಫೋನಿನಲ್ಲಿ ಆ ಪರದೆಯ ಫೋಟೊ ಹೊಡೆದುಕೊಂಡ.

ಅವನ ದನಿಯಲ್ಲಿ ಅಕ್ಕರೆಯ ಹೊರತು ಬೇರೇನೂ ಇರಲಿಲ್ಲ. ನಾನಲ್ಲೇ ಕೂತಿದ್ದೆ, ಖಂಡಿತವಾಗಿ ಹೇಳಬಲ್ಲೆ. ಆದರೂ ಆ ಕ್ಲಿಕ್ ಸದ್ದು ನನ್ನನ್ನು ಬಿಟ್ಟಿಲ್ಲ. ಆ ಹನ್ನೆರಡು ಪದಗಳು ಯಾರ ಬಳಿ ಇವೆಯೋ ಅವರು ಜಗತ್ತಿನ ಯಾವ ಮೂಲೆಯ ಯಾವ ಫೋನಿನಲ್ಲಾದರೂ ಆ ವಾಲೆಟ್ ತೆರೆಯಬಹುದು. ಬ್ಯಾಂಕಿನಂತೆ ಸಹಿ ಹೊಂದಿಸಿ ನೋಡುವವರಿಲ್ಲ, ದೂರು ಕೊಡಲು ಮ್ಯಾನೇಜರ್ ಇಲ್ಲ. ಪಿನ್ ಆದರೆ ಬದಲಿಸಬಹುದು. ಈ ಪದಗಳನ್ನು ಬದಲಿಸಲಾಗದು. ಹೊಸ ವಾಲೆಟ್ ತೆರೆದು ಇದ್ದಬದ್ದ ಹಣವನ್ನೆಲ್ಲ ಅಲ್ಲಿಗೆ ಸಾಗಿಸುವುದೊಂದೇ ದಾರಿ. ಅಂದರೆ ಅವಳ ಮೊದಲ ಡಿಜಿಟಲ್ ಹಣ, ಒಂದು ಪೈಸೆ ಬರುವ ಮುಂಚೆಯೇ, ಇಬ್ಬರದಾಗಿತ್ತು.

ಯುವಜನ, ಡಿಜಿಟಲ್ ಕರೆನ್ಸಿ, ಮುಸ್ಲಿಂ ಮಹಿಳೆಯ ಸಬಲೀಕರಣ: ಈ ಮೂರನ್ನೂ ಒಂದೇ ವಾಕ್ಯದಲ್ಲಿ ಸಲೀಸಾಗಿ ಪೋಣಿಸುವ ಭಾಷಣ, ವರದಿ, ಸೆಮಿನಾರುಗಳಿಗೆ ಬರವಿಲ್ಲ. ಹುಡುಗರು ಹೊಸ ತಂತ್ರಜ್ಞಾನ ತರುತ್ತಾರೆ, ಹೆಣ್ಣುಮಕ್ಕಳು ಅದರಿಂದ ಮೇಲೆ ಬರುತ್ತಾರೆ ಎಂಬ ಧಾಟಿ. ಮನೆಗೆ ಹೊಸದನ್ನು ತರುವವರು ಹುಡುಗರೇ ಎನ್ನುವುದೇನೋ ನಿಜ. ತಂದವರೇ ಕೀಲಿಯನ್ನೂ ಇಟ್ಟುಕೊಳ್ಳುತ್ತಾರೆ ಎನ್ನುವುದು ವರದಿಗಳಲ್ಲಿ ಬರುವುದಿಲ್ಲ.

ಹಕ್ಕು ಹಳೆಯದು, ಜೇಬು ಹೊಸದು

ಆಸ್ತಿಯ ಹಕ್ಕಿನ ಮಾತು ಬಂದಾಗ ನಮ್ಮವರು ಎದೆಯುಬ್ಬಿಸುವುದಕ್ಕೆ ಕಾರಣವಿದೆ. ಪುರುಷರು ಗಳಿಸಿದ್ದರಲ್ಲಿ ಪುರುಷರಿಗೆ ಪಾಲು, ಸ್ತ್ರೀಯರು ಗಳಿಸಿದ್ದರಲ್ಲಿ ಸ್ತ್ರೀಯರಿಗೆ ಪಾಲು ಎಂದು ಕುರ್‌ಆನಿನ 4ನೇ ಅಧ್ಯಾಯದ 32ನೇ ವಚನ ಹೇಳುತ್ತದೆ. ಮದುವೆಯಲ್ಲಿ ಗಂಡ ಕೊಡುವ ಮೆಹರ್ ಹೆಂಡತಿಯ ಸ್ವಂತ ಸೊತ್ತು. ಹೆಂಡತಿಯ ಸಂಪಾದನೆಯ ಮೇಲೆ ಗಂಡನಿಗೆ ಶರೀಅತ್ತಿನಲ್ಲಿ ಹಕ್ಕಿಲ್ಲ, ಆಕೆಯ ಖರ್ಚು ನೋಡಿಕೊಳ್ಳುವ ಹೊಣೆ ಮಾತ್ರ ಅವನದು. ಇಂಗ್ಲೆಂಡಿನ ವಿವಾಹಿತೆಗೆ ತನ್ನ ಆಸ್ತಿಯನ್ನು ತನ್ನದೇ ಹೆಸರಲ್ಲಿ ಇಟ್ಟುಕೊಳ್ಳುವ ಪೂರ್ಣ ಹಕ್ಕು ಸಿಕ್ಕಿದ್ದು 1882ರ ಕಾಯ್ದೆಯಿಂದ. ಇದನ್ನೆಲ್ಲ ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಕೇಳಿ ಹೆಮ್ಮೆಯೂ ಪಟ್ಟಿದ್ದೇನೆ.

ಇದೇ ಭಾಷಣಗಳಲ್ಲಿ ಖದೀಜಾರ ಹೆಸರು ಬಂದೇ ಬರುತ್ತದೆ: ಮಕ್ಕಾದ ಶ್ರೀಮಂತ ವ್ಯಾಪಾರಿ, ಪ್ರವಾದಿಯವರನ್ನು ತಮ್ಮ ಸರಕಿನೊಂದಿಗೆ ಸಿರಿಯಾಕ್ಕೆ ಕಳಿಸಿದವರು. ಕಥೆ ಸಾಮಾನ್ಯವಾಗಿ ಅಲ್ಲಿಂದ ನೇರ ಅವರಿಬ್ಬರ ಮದುವೆಗೆ ಹಾರುತ್ತದೆ. ಸೀರಾ, ಅಂದರೆ ಪ್ರವಾದಿಯವರ ಜೀವನಚರಿತ್ರೆಯ ಗ್ರಂಥಗಳು ಹೇಳುವ ಒಂದು ವಿವರ ಮಾತ್ರ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆ ಪ್ರಯಾಣದಲ್ಲಿ ಖದೀಜಾ ತಮ್ಮ ಆಳು ಮೈಸರಾನನ್ನೂ ಜೊತೆಗೆ ಕಳಿಸಿದ್ದರು; ದಾರಿಯಲ್ಲಿ ಏನೇನಾಯಿತು ಎಂಬುದನ್ನು ಅವನು ಬಂದು ಅವರಿಗೆ ಒಪ್ಪಿಸಿದ. ಅಂದರೆ ಆಕೆಗೆ ಬಂಡವಾಳ ಇದ್ದದ್ದಷ್ಟೇ ಅಲ್ಲ, ಆ ಬಂಡವಾಳದ ಸುದ್ದಿ ತಿಳಿಯಲು ತನ್ನದೇ ಒಂದು ದಾರಿ ಇತ್ತು. ಬೇರೆಯವರು ಹೇಳಿದ್ದನ್ನು ನಂಬಿ ಕೂರಬೇಕಾದ ಸ್ಥಿತಿ ಆಕೆಯದಾಗಿರಲಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಹಕ್ಕು ಉಳಿದಿದೆ, ಮೈಸರಾ ಇಲ್ಲವಾಗಿದ್ದಾನೆ. ದುಡಿದ ದುಡ್ಡು ನೋಟಾಗಿ ಮನೆಗೆ ಬಂತೆಂದರೆ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಯಾರೂ ಕದಿಯುವುದಿಲ್ಲ. ಮಗುವಿನ ಫೀಸು, ಅತ್ತೆಯ ಔಷಧಿ, ತಮ್ಮನ ಬೈಕಿನ ಕಂತು. ಒಂದೊಂದೂ ನ್ಯಾಯವಾದ ಖರ್ಚೇ. ಕೊಡುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ ದುಡ್ಡು ಇದೆ ಎಂದು ಎಲ್ಲರಿಗೂ ಗೊತ್ತು. ತಿಂಗಳ ಕೊನೆಗೆ ಬಟ್ಟೆಯ ಥಾನು ತರಲು ಮತ್ತೆ ಸಾಲ.

ಇದು ನನ್ನ ಊಹೆ ಮಾತ್ರವಲ್ಲ. ಉಗಾಂಡದಲ್ಲಿ ಬ್ರ್ಯಾಕ್ ಸಂಸ್ಥೆಯಿಂದ ಸಾಲ ಪಡೆದ ಸುಮಾರು 3,000 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆದಿತ್ತು. ಕೆಲವರಿಗೆ ಸಾಲವನ್ನು ನೋಟಾಗಿ ಕೈಗೆ ಕೊಟ್ಟರು, ಕೆಲವರಿಗೆ ಅವರದೇ ಮೊಬೈಲ್ ಹಣದ ಖಾತೆಗೆ ಹಾಕಿದರು. ಸಾಲದ ಮೊತ್ತದಲ್ಲಾಗಲಿ ಬಡ್ಡಿಯಲ್ಲಾಗಲಿ ವ್ಯತ್ಯಾಸವಿರಲಿಲ್ಲ. ಎಂಟು ತಿಂಗಳ ನಂತರ ನೋಡಿದರೆ ಮೊಬೈಲ್ ಖಾತೆಗೆ ಸಾಲ ಬಂದವರ ಲಾಭ ಶೇ. 15ರಷ್ಟು, ವ್ಯಾಪಾರದ ಬಂಡವಾಳ ಶೇ. 11ರಷ್ಟು ಹೆಚ್ಚಿತ್ತು. ಮನೆಯವರಿಂದ ಹಣದ ಒತ್ತಾಯ ಹೆಚ್ಚಿದ್ದವರಿಗೇ ಹೆಚ್ಚು ಪ್ರಯೋಜನವಾಗಿತ್ತು. ಜನಸಂಖ್ಯೆಯ ಬಹುಪಾಲು ಮುಸ್ಲಿಮರೇ ಇರುವ ನೈಜರ್ ದೇಶದಲ್ಲಿ 2009-10ರ ಬರಗಾಲದ ಹೊತ್ತಿನಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯಿತು. ಪರಿಹಾರದ ಹಣವನ್ನು ಹೆಂಗಸರಿಗೆ ಮೊಬೈಲ್ ಮೂಲಕ ಕೊಟ್ಟ ಮನೆಗಳಲ್ಲಿ ಊಟದ ತಟ್ಟೆಗೆ ಹೆಚ್ಚು ಬಗೆಯ ಆಹಾರ ಬಂತು, ಮಕ್ಕಳು ಹೆಚ್ಚು ಉಂಡರು. ಕಾರಣ ಹುಡುಕಿದವರು ಕೊಟ್ಟ ವಿವರಣೆಗಳಲ್ಲಿ ಒಂದು ಸರಳ: ನೋಟು ಹಂಚುವ ದಿನ ಊರಿಗೆಲ್ಲ ಗೊತ್ತಾಗುತ್ತದೆ, ಮೊಬೈಲಿಗೆ ಹಣ ಬಂದದ್ದು ಅವಳಿಗೆ ಮೊದಲು ಗೊತ್ತಾಗುತ್ತದೆ. ಯಾವಾಗ ಹೇಳಬೇಕು, ಎಷ್ಟೆಂದು ಹೇಳಬೇಕು ಎನ್ನುವ ತೀರ್ಮಾನ ಅವಳದಾಗುತ್ತದೆ.

ಕೆಲವರಿಗೆ ಇದು ಕಸಿವಿಸಿ ತರಬಹುದು. ಗಂಡನಿಂದ ಮುಚ್ಚಿಡುವುದನ್ನು ಹೊಗಳುತ್ತಿದ್ದೀರಾ ಎಂದು ಒಬ್ಬರು ನನ್ನನ್ನು ಕೇಳಿದ್ದೂ ಇದೆ. ಗಂಡಸಿನ ಸಂಬಳದ ಖಾತೆಯಲ್ಲಿ ಎಷ್ಟಿದೆ ಎಂದು ಹೆಂಡತಿಗೆ ಗೊತ್ತಿಲ್ಲದಿದ್ದರೆ ಅದನ್ನು ಯಾರೂ ಮುಚ್ಚಿಡುವುದು ಎನ್ನುವುದಿಲ್ಲವಲ್ಲ.

ಹೆರಾತಿನ ಹುಡುಗಿಯರು

ಡಿಜಿಟಲ್ ಹಣ ಎಂದರೆ ಮೊಬೈಲ್ ಖಾತೆ ಒಂದೇ ಅಲ್ಲ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಬೇರೆ, ಡಾಲರಿಗೆ ಗಂಟು ಹಾಕಿದ ಸ್ಟೇಬಲ್‌ಕಾಯಿನ್ ಬೇರೆ, ಸರ್ಕಾರವೇ ಹೊರತರುವ ಡಿಜಿಟಲ್ ಕರೆನ್ಸಿ ಇನ್ನೂ ಬೇರೆ. ಇವುಗಳಲ್ಲಿ ಕ್ರಿಪ್ಟೊ ಮುಸ್ಲಿಂ ಹೆಣ್ಣುಮಕ್ಕಳ ದುಡಿಮೆಯ ಜೊತೆ ಗಂಭೀರವಾಗಿ ಸೇರಿಕೊಂಡ ಮೊದಲ ಜಾಗಗಳಲ್ಲಿ ಅಫ್ಘಾನಿಸ್ತಾನದ ಹೆರಾತ್ ಒಂದು. ಅಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದ ರೋಯಾ ಮಹಬೂಬ್ 2013ರ ಸುಮಾರಿಗೆ ತಮ್ಮಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ಬಿಟ್‌ಕಾಯಿನ್‌ನಲ್ಲಿ ಸಂಬಳ ಕೊಡಲು ಶುರು ಮಾಡಿದರು. ಹೆಚ್ಚಿನವರಿಗೆ ಬ್ಯಾಂಕ್ ಖಾತೆ ಇರಲಿಲ್ಲ, ತೆರೆಯಲು ಮನೆಯವರು ಬಿಡುತ್ತಿರಲಿಲ್ಲ. ನೋಟು ಕೊಟ್ಟರೆ ಅದು ಅಪ್ಪನಿಗೋ ಅಣ್ಣನಿಗೋ ಹೋಗುತ್ತಿತ್ತು. ಆಗ ಬಿಟ್‌ಕಾಯಿನ್ ಕೊಟ್ಟು ಏನನ್ನಾದರೂ ಕೊಳ್ಳುವುದು ಅಲ್ಲಿ ಸುಲಭವಿರಲಿಲ್ಲ. ಆದರೂ ಅದು ಅವಳದಾಗಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅದೇ ಹೆರಾತಿನಲ್ಲಿ 2015ರಲ್ಲಿ ಫೆರೆಶ್ತೆ ಫರೂಗ್ ಹುಡುಗಿಯರಿಗಾಗಿ 'ಕೋಡ್ ಟು ಇನ್‌ಸ್ಪೈರ್' ಎಂಬ ಕೋಡಿಂಗ್ ಶಾಲೆ ತೆರೆದರು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅಮೆರಿಕದಲ್ಲಿದ್ದ ಅಫ್ಘಾನ್ ಕೇಂದ್ರೀಯ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಮುಟ್ಟುಗೋಲಾಯಿತು, ಬ್ಯಾಂಕುಗಳ ಮುಂದೆ ಸಾಲು ಬೆಳೆಯಿತು, ತಮ್ಮದೇ ದುಡ್ಡು ತೆಗೆಯಲು ಮಿತಿ ಬಂತು. ಆಗ ಈ ಶಾಲೆ ತನ್ನ ವಿದ್ಯಾರ್ಥಿನಿಯರ ಮನೆಗಳಿಗೆ ನೆರವನ್ನು ಕ್ರಿಪ್ಟೊ ಮೂಲಕ ಕಳಿಸಿತು. ಹುಡುಗಿಯ ಫೋನಿಗೆ ಬಂದ ಹಣದಲ್ಲಿ ಇಡೀ ಮನೆ ಉಂಡ ದಿನಗಳವು.

ಮರುವರ್ಷವೇ ಅಲ್ಲಿನ ಆಡಳಿತ ಕ್ರಿಪ್ಟೊ ವ್ಯವಹಾರಕ್ಕೆ ನಿಷೇಧ ಹಾಕಿತು. ಹೆರಾತಿನಲ್ಲಿ ವಿನಿಮಯದ ಅಂಗಡಿಗಳಿಗೆ ಬೀಗ ಬಿತ್ತು, ದಲ್ಲಾಳಿಗಳ ಬಂಧನವಾಯಿತು. ಕೋಡು ಗಡಿ ದಾಟಬಹುದು. ಅದನ್ನು ಅಕ್ಕಿಬೇಳೆಯಾಗಿ ಬದಲಿಸಿಕೊಡುವವನು ಬೀದಿಯಲ್ಲೇ ಇರಬೇಕು, ಅವನ ಅಂಗಡಿಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಕ್ರಿಪ್ಟೊ ಭಕ್ತರ ಜೊತೆ ನನ್ನ ತಕರಾರು ಶುರುವಾಗುವುದು ಇಲ್ಲೇ. ಸರ್ಕಾರದ ಕಣ್ಣಿಂದ ತಪ್ಪಿಸಿಕೊಳ್ಳುವುದೇ ಸ್ವಾತಂತ್ರ್ಯ ಎಂದು ಅವರೆಂದುಕೊಂಡಿದ್ದಾರೆ. ಈ ಹುಡುಗಿಯರಿಗೆ ಬೇಕಿದ್ದದ್ದು ಹಜಾರದಲ್ಲಿ ಕೂತವರ ಕಣ್ಣಿಂದ ಒಂದಿಷ್ಟು ಮರೆ.

ಆ ಮರೆಯನ್ನು ಬ್ಲಾಕ್‌ಚೈನ್, ಅಂದರೆ ಕ್ರಿಪ್ಟೊ ಹಣದ ಲೆಕ್ಕಪುಸ್ತಕ, ಕೊಡುತ್ತದೆಯೇ? ಅರ್ಧ ಮಾತ್ರ. ಬಿಟ್‌ಕಾಯಿನ್ ಇರಲಿ, ಹೆಚ್ಚಿನ ಸ್ಟೇಬಲ್‌ಕಾಯಿನ್ ಇರಲಿ, ಲೆಕ್ಕಪುಸ್ತಕ ಸಾರ್ವಜನಿಕ. ವಾಲೆಟ್ಟಿನ ವಿಳಾಸ ಗೊತ್ತಿದ್ದವರು ಕೀಲಿ ಇಲ್ಲದೆಯೂ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಕೂತಲ್ಲೇ ನೋಡಬಹುದು, ಇವತ್ತಿನದ್ದಷ್ಟೇ ಅಲ್ಲ, ಮೊದಲ ದಿನದಿಂದ. ಹಣ ಪಡೆಯಲೆಂದು ಗಿರಾಕಿಗೆ ವಿಳಾಸ ಕೊಟ್ಟ ಕ್ಷಣದಿಂದ ಗಿರಾಕಿಗೂ ಅದು ತೆರೆದ ಪುಸ್ತಕ. ಸರ್ಕಾರದ ಡಿಜಿಟಲ್ ಕರೆನ್ಸಿಯಲ್ಲಿ ಇದು ತಿರುಗುಮುರುಗು: ವ್ಯವಸ್ಥೆಗೆ ಕಾಣಬಹುದು, ಮನೆಯವರಿಗೆ ಕಾಣದು. ನನ್ನ ಚಿಕ್ಕಮ್ಮನ ಮಗಳಂಥವರಿಗೆ ಎರಡನೆಯದೇ ವಾಸಿ ಎಂದು ನನಗನ್ನಿಸುತ್ತದೆ, ಯಾರಾದರೂ ಬಳಸುವಂತಾದರೆ. ನೈಜೀರಿಯಾ 2021ರ ಅಕ್ಟೋಬರಿನಲ್ಲಿ ಇ-ನೈರಾ ಎಂಬ ಸರ್ಕಾರಿ ಡಿಜಿಟಲ್ ಕರೆನ್ಸಿ ತಂದಿತು. ವರ್ಷ ಕಳೆದರೂ ತೆರೆದ ವಾಲೆಟ್‌ಗಳಲ್ಲಿ ಬಹುಪಾಲು ಸುಮ್ಮನೆ ಬಿದ್ದಿದ್ದವು.

ಹುಡುಗರ ಗ್ರಾಫು, ಹುಡುಗಿಯರ ಥಾನು

ತಮ್ಮನ ಫೋನಿನಲ್ಲಿ ಮೇಲೆ ಕೆಳಗೆ ಏರಿಳಿಯುವ ಹಸಿರು ಕೆಂಪು ಗೆರೆಗಳಿವೆ. ಅವನ ಗೆಳೆಯರಿಗೂ ಇವೆ. ಅವರ ಮಾತಿನಲ್ಲಿ ಡಿಜಿಟಲ್ ಕರೆನ್ಸಿ ಎಂದರೆ ಬೆಲೆ. ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು, ಯಾರು ಎಷ್ಟು ಮಾಡಿದರು. 2021ರ ನವೆಂಬರಿನಲ್ಲಿ ಬಿಟ್‌ಕಾಯಿನ್ 69,000 ಡಾಲರಿನ ಹತ್ತಿರ ಹೋಗಿತ್ತು, ಮರುವರ್ಷದ ನವೆಂಬರಿಗೆ 16,000ಕ್ಕಿಂತ ಕೆಳಗಿಳಿದಿತ್ತು. ಮಧ್ಯದಲ್ಲಿ, 2022ರ ಮೇ ತಿಂಗಳಲ್ಲಿ, ಟೆರಾಯುಎಸ್‌ಡಿ ಎಂಬ 'ಸ್ಥಿರ' ನಾಣ್ಯ ಕೆಲವೇ ದಿನಗಳಲ್ಲಿ ಮಣ್ಣಾಯಿತು. ಲೀರಾದ ಬೆಲೆ ಕುಸಿಯುತ್ತಿದ್ದ ಟರ್ಕಿಯಲ್ಲಿ ಜನ ಉಳಿತಾಯ ಕಾಪಾಡಿಕೊಳ್ಳಲು ಕ್ರಿಪ್ಟೊಗೆ ಮುಗಿಬಿದ್ದಿದ್ದರು. 2021ರ ಏಪ್ರಿಲಿನಲ್ಲಿ ಥೋಡೆಕ್ಸ್ ಎಂಬ ವಿನಿಮಯ ಕೇಂದ್ರ ಬಾಗಿಲು ಹಾಕಿತು, ಮಾಲೀಕ ದೇಶ ಬಿಟ್ಟ. ಮುಂದೆ ಅವನನ್ನು ಹಿಡಿದು ತಂದು ನ್ಯಾಯಾಲಯ 11,196 ವರ್ಷಗಳ ಶಿಕ್ಷೆ ಕೊಟ್ಟಿತು. ಇವೆಲ್ಲ ಹುಡುಗರಿಗೆ ಗೊತ್ತು, ನನಗಿಂತ ಚೆನ್ನಾಗಿಯೇ ಗೊತ್ತು. ಆದರೂ ಗೆರೆ ನೋಡುವುದು ನಿಲ್ಲುವುದಿಲ್ಲ.

ಅಕ್ಕನಿಗೆ ಬೇಕಾದದ್ದು ಇದರ ನೇರ ವಿರುದ್ಧ. ಇವತ್ತು ಬಂದ ಹಣಕ್ಕೆ ಮುಂದಿನ ವಾರವೂ ಅಷ್ಟೇ ಥಾನು ಬಟ್ಟೆ ಬರಬೇಕು. ಏರುವುದೂ ಬೇಡ, ಇಳಿಯುವುದೂ ಬೇಡ. ಹೊರದೇಶದಿಂದ 200 ಡಾಲರ್ ಕಳಿಸಲು ಜಗತ್ತಿನ ಸರಾಸರಿ ಖರ್ಚು ಶೇ. 6ಕ್ಕೂ ಹೆಚ್ಚಿರುವಾಗ ಆ ಶುಲ್ಕ ಕಡಿಮೆಯಾದರೆ ಅದೇ ಅವಳ ಲಾಭ. ಒಂದೇ ಆ್ಯಪಿನಲ್ಲಿ ಇಬ್ಬರೂ ಕಾಣುವುದು ಬೇರೆ ಬೇರೆ. ಸಮೀಕ್ಷೆಗಳು ಮಾತ್ರ ಇಬ್ಬರನ್ನೂ 'ಬಳಕೆದಾರರು' ಎಂದು ಒಂದೇ ಸಾಲಿಗೆ ಸೇರಿಸಿಬಿಡುತ್ತವೆ.

ಹಲಾಲೋ ಹರಾಮೋ ಎಂಬ ಚರ್ಚೆಯೂ ಹೆಚ್ಚಾಗಿ ಹುಡುಗರ ಗ್ರಾಫಿನ ಸುತ್ತಲೇ ಸುತ್ತುತ್ತದೆ. ಈಜಿಪ್ಟಿನ ಮುಖ್ಯ ಮುಫ್ತಿ, ಅಂದರೆ ಧಾರ್ಮಿಕ ತೀರ್ಪು ಕೊಡುವ ವಿದ್ವಾಂಸರು, 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ಸಲ್ಲದೆಂದರು. ಮಲೇಷ್ಯಾದ ಷೇರು ನಿಯಂತ್ರಣ ಆಯೋಗದ ಶರೀಅಃ ಸಲಹಾ ಮಂಡಳಿ 2020ರಲ್ಲಿ ನೋಂದಾಯಿತ ವಿನಿಮಯ ಕೇಂದ್ರಗಳ ಮೂಲಕ ಡಿಜಿಟಲ್ ಆಸ್ತಿಗಳ ವ್ಯಾಪಾರ ನಡೆಸಬಹುದೆಂದಿತು. ಇಂಡೋನೇಷ್ಯಾದ ಉಲೇಮಾ ಪರಿಷತ್ತು 2021ರ ನವೆಂಬರಿನಲ್ಲಿ, ಕರೆನ್ಸಿಯಾಗಿ ಬಳಸುವುದು ಹರಾಮ್, ಆದರೆ ಆಧಾರವಿರುವ, ಸ್ಪಷ್ಟ ಪ್ರಯೋಜನವಿರುವ ಸರಕಾಗಿ ಶರತ್ತುಗಳೊಂದಿಗೆ ವ್ಯಾಪಾರ ಮಾಡಬಹುದು ಎಂದಿತು. ಆಕ್ಷೇಪ ಇರುವುದು ಘರರ್ ಮೇಲೆ, ಅಂದರೆ ಏನನ್ನು ಕೊಳ್ಳುತ್ತಿದ್ದೇವೆಂದೇ ಖಚಿತವಿಲ್ಲದ ಅನಿಶ್ಚಿತತೆಯ ಮೇಲೆ. ಮೈಸಿರ್ ಮೇಲೆ, ಅಂದರೆ ಜೂಜಿನ ಮೇಲೆ. ಇವು ಗಟ್ಟಿ ಆಕ್ಷೇಪಗಳೇ. ಸ್ಟೇಬಲ್‌ಕಾಯಿನ್ ಇಟ್ಟರೆ ಇಂತಿಷ್ಟು ಶೇಕಡಾ ಖಚಿತ ಆದಾಯ ಎಂದು ಆ್ಯಪುಗಳು ತೋರಿಸುವ ಆಮಿಷ ರಿಬಾ, ಅಂದರೆ ನಿಷಿದ್ಧ ಬಡ್ಡಿ, ಅಲ್ಲದೆ ಮತ್ತೇನು ಎಂದು ನಾನೂ ಕೇಳುತ್ತೇನೆ. ಆದರೆ ಹೊಲಿದು ಕಳಿಸಿದ ಉಡುಪಿಗೆ ಬಂದ ಕೂಲಿಯಲ್ಲಿ ಜೂಜೆಲ್ಲಿದೆ? ಅಕ್ಕನ ಕೂಲಿಯ ಕೀಲಿ ತಮ್ಮನ ಬಳಿ ಇರುವುದು ಧರ್ಮವೇ ಎಂದು ಯಾವುದಾದರೂ ಮುಫ್ತಿಯನ್ನು ಯಾರಾದರೂ ಕೇಳಿದ್ದಾರೆಯೇ? ನಾನು ಓದಿದ ಪ್ರಶ್ನೋತ್ತರಗಳಲ್ಲಂತೂ ಆ ಪ್ರಶ್ನೆ ಇಲ್ಲ.

ಝಕಾತಿನ ಲೆಕ್ಕ

ಆ ಆರ್ಡರ್ ಆದಮೇಲೆ ಒಂದು ರಾತ್ರಿ ಅವಳು ನನ್ನನ್ನು ಕೂರಿಸಿಕೊಂಡು ಝಕಾತ್, ಅಂದರೆ ಸೊತ್ತಿನ ಮೇಲೆ ಬಡವರಿಗೆ ಕೊಡಲೇಬೇಕಾದ ದಾನ, ಅದರ ಲೆಕ್ಕ ಹಾಕಿಸಿದಳು. ಅದುವರೆಗೆ ಅವಳ ಮನೆಯಲ್ಲಿ ಝಕಾತ್ ಎಂದರೆ ಗಂಡ ಹಾಕುವ ಲೆಕ್ಕ. ಇವಳ ಒಡವೆಯನ್ನೂ ಅವನೇ ತನ್ನ ಲೆಕ್ಕದಲ್ಲಿ ಸೇರಿಸಿ ಕೊಡುತ್ತಿದ್ದ. ಫಿಕ್‌ಹಿನ, ಅಂದರೆ ಇಸ್ಲಾಮೀ ನ್ಯಾಯಶಾಸ್ತ್ರದ, ಪ್ರಕಾರ ಅವಳ ಸೊತ್ತಿನ ಝಕಾತ್ ಅವಳದೇ ಹೊಣೆ. ಅವಳ ಪರವಾಗಿ ಗಂಡ ಕೊಟ್ಟರೆ ತಪ್ಪಿಲ್ಲ, ಆದರೆ ಲೆಕ್ಕ ಅವಳದು. ಪರದೆಯ ಮೇಲೆ ವರ್ಷದ ವಹಿವಾಟು ತಾರೀಖಿನ ಸಮೇತ ಇತ್ತು. ಕೈಯಲ್ಲಿರುವ ಹಣ, ಇನ್ನೂ ಮಾರದ ಉಡುಪುಗಳ ಇಂದಿನ ಬೆಲೆ, ಮಾರುವುದಕ್ಕೆಂದು ತಂದಿಟ್ಟ ಬಟ್ಟೆ, ಗಿರಾಕಿಗಳಿಂದ ಬರಬೇಕಾದದ್ದು. ಅದರಿಂದ ಕೊಡಬೇಕಾದ ಸಾಲ ಕಳೆ. ಹೊಲಿಗೆ ಯಂತ್ರಕ್ಕೆ ಝಕಾತ್ ಇಲ್ಲ, ಅದು ಮಾರುವ ಸರಕಲ್ಲ. ನಿಸಾಬ್ ಎಂದರೆ ಝಕಾತ್ ಕೊಡಬೇಕಾಗುವ ಕನಿಷ್ಠ ಮೊತ್ತ; 85 ಗ್ರಾಂ ಚಿನ್ನದ ಬೆಲೆಯ ನಿಸಾಬ್ ಹಿಡಿಯಬೇಕೋ 595 ಗ್ರಾಂ ಬೆಳ್ಳಿಯದೋ ಎಂದು ಸ್ವಲ್ಪ ಚರ್ಚೆಯಾಯಿತು. ಬೆಳ್ಳಿಯದು ಹಿಡಿದರೆ ಬಡವರಿಗೆ ಅನುಕೂಲ ಎಂದು ಅವಳೇ ಹೇಳಿದಳು.

ಮೊತ್ತ ನಿಸಾಬ್ ದಾಟಿತ್ತು. ಅವಳು ಶೇ. 2.5 ಎಷ್ಟಾಗುತ್ತದೆಂದು ಕ್ಯಾಲ್ಕುಲೇಟರಿನಲ್ಲಿ ಒತ್ತಿ, ಮತ್ತೆ ಒತ್ತಿ, 'ಇಷ್ಟು ನಾನು ಕೊಡ್ಬೇಕಾ?' ಎಂದಳು. ಬೇಸರದ ದನಿಯಲ್ಲ ಅದು. ಕೊಡಬೇಕಾದವರ ಸಾಲಿನಲ್ಲಿ ತಾನೂ ಇದ್ದೇನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಬಲೀಕರಣವನ್ನು ಅಳೆಯುವವರು ಖಾತೆಗಳ ಸಂಖ್ಯೆ ಎಣಿಸುತ್ತಾರೆ. ವಿಶ್ವಬ್ಯಾಂಕಿನ ಫಿಂಡೆಕ್ಸ್ ಸಮೀಕ್ಷೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಖಾತೆ ಹೊಂದಿರುವ ಗಂಡಸರ ಮತ್ತು ಹೆಂಗಸರ ನಡುವಿನ ಅಂತರ 2017ರಲ್ಲಿ 9 ಶೇಕಡಾ ಅಂಶ ಇದ್ದದ್ದು 2021ರಲ್ಲಿ 6ಕ್ಕೆ ಇಳಿದಿದೆ. ಒಳ್ಳೆಯದೇ. ಆ ಖಾತೆಗಳಲ್ಲಿ ಎಷ್ಟರ ಪಿನ್ ಬೇರೆಯವರ ಬಾಯಲ್ಲಿದೆ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ತನ್ನ ಝಕಾತನ್ನು ತಾನೇ ಲೆಕ್ಕ ಹಾಕಿದ ಹೆಂಗಸರೆಷ್ಟು ಎಂದು ಯಾರಾದರೂ ಎಣಿಸಿದರೆ ನಾನು ಆ ವರದಿಯನ್ನು ಮೊದಲ ಪುಟದಿಂದ ಓದುತ್ತೇನೆ.

(ಕುರ್‌ಆನಿನ ಅತಿ ಉದ್ದದ ವಚನ, 2ನೇ ಅಧ್ಯಾಯದ 282, ಸಾಲದ ವ್ಯವಹಾರವನ್ನು ಸಣ್ಣದಿರಲಿ ದೊಡ್ಡದಿರಲಿ ಬರೆದಿಡಿ ಎಂದು ಹೇಳುವ ವಚನ. ಅದರಲ್ಲಿ ಜನ ಎತ್ತಿ ಆಡುವುದು ಇಬ್ಬರು ಸ್ತ್ರೀಯರ ಸಾಕ್ಷಿಯ ಭಾಗವನ್ನು ಮಾತ್ರ. ಬರೆದಿಡಿ ಎಂಬ ಭಾಗ ಹಾಗೇ ಬಿದ್ದಿದೆ.)

ಮೂರು ಕೀಲಿ

ಇಷ್ಟೆಲ್ಲ ಹೇಳಿದ ಮೇಲೆ ಪದಗಳನ್ನು ಅವಳೊಬ್ಬಳೇ ಇಟ್ಟುಕೊಂಡರೆ ಸಾಕಲ್ಲವೇ ಎನ್ನಬಹುದು. ಸಾಲದು. ನಾಳೆ ಅವಳಿಗೇನಾದರೂ ಆದರೆ ಆ ಹಣ ಯಾರಿಗೂ ಸಿಗುವುದಿಲ್ಲ. ಉತ್ತರಾಧಿಕಾರದಲ್ಲಿ ಗಂಡನಿಗೆಷ್ಟು, ಮಗಳಿಗೆಷ್ಟು, ತಾಯಿಗೆಷ್ಟು ಎಂದು ಕುರ್‌ಆನ್ ಪಾಲು ಗೊತ್ತುಮಾಡಿದೆ. ಮೊದಲು ಸಾಲ ತೀರಬೇಕು, ಮೂರನೇ ಒಂದು ಭಾಗದವರೆಗೆ ವಸಿಯ್ಯತ್, ಅಂದರೆ ಉಯಿಲು, ಮಾಡಬಹುದು. ಕೀಲಿ ಕಳೆದುಹೋದ ವಾಲೆಟ್ಟಿಗೆ ಇದಾವುದೂ ಅನ್ವಯಿಸುವುದಿಲ್ಲ. ಬ್ಯಾಂಕಾದರೆ ಮರಣ ಪ್ರಮಾಣಪತ್ರ ಹಿಡಿದು ಅಲೆದಾಡಿದರೆ ಎಂದಾದರೂ ಹಣ ಬರುತ್ತದೆ. ಮನೆಯವರಿಂದ ಮರೆ ಕೊಡುವ ಗುಣವೇ ವಾರಸುದಾರರ ಪಾಲನ್ನು ನುಂಗುವ ಗುಣವೂ ಹೌದು.

ಇದಕ್ಕೆ ತಾಂತ್ರಿಕ ಉತ್ತರವೊಂದಿದೆ. ಒಂದು ವಾಲೆಟ್ಟಿಗೆ ಮೂರು ಕೀಲಿ ಮಾಡಿ, ಯಾವುದಾದರೂ ಎರಡು ಸೇರಿದರೆ ಮಾತ್ರ ಹಣ ಹೊರಡುವಂತೆ ಕಟ್ಟಬಹುದು. ಒಬ್ಬರ ಕೈಯಲ್ಲಿರುವ ಒಂದೇ ಕೀಲಿಯಿಂದ ಏನೂ ಆಗದು, ಒಂದು ಕಳೆದರೂ ಮುಳುಗದು. ಚಿಕ್ಕಮ್ಮನ ಮಗಳು ಮತ್ತು ಅವಳಂತೆಯೇ ಮನೆಯಿಂದ ವ್ಯಾಪಾರ ಮಾಡುವ ಕೆಲವರು ಈಗ ಇದರ ಬಗ್ಗೆ ಮಾತಾಡುತ್ತಿದ್ದಾರೆ. ಮೊದಲ ಕೀಲಿ ತನ್ನದು, ಎರಡನೆಯದು ವ್ಯಾಪಾರದ ಗೆಳತಿಗೆ ಎಂಬಲ್ಲಿಗೆ ಬಂದಿದೆ. ಮೂರನೆಯದು ಯಾರಿಗೆ ಎಂಬುದರಲ್ಲಿ ಜಗಳ. ತಮ್ಮನಿಗೇ ಕೊಡೋಣ, ಒಂದೇ ಕೀಲಿಯಿಂದ ಏನು ಮಾಡಿಯಾನು ಎನ್ನುತ್ತಾಳೆ ಒಬ್ಬಳು. ಗಂಡನಿಗೆ ಕೊಡದಿದ್ದರೆ ಮನೆಯಲ್ಲಿ ಬದುಕಲಾಗುವುದಿಲ್ಲ ಎನ್ನುತ್ತಾಳೆ ಇನ್ನೊಬ್ಬಳು. ಮತ್ತೊಬ್ಬಳು ಮಗಳಿಗೆ ಎಂದು ಹಟ ಹಿಡಿದಿದ್ದಾಳೆ. ಮಗಳಿಗಿನ್ನೂ ಒಂಬತ್ತು ವರ್ಷ.